ವಯಸ್ಸಾದ ನಾಯಿಗಳಲ್ಲಿ ಅಂಗಚ್ಛೇದನೋತ್ತರ ಆರೈಕೆ

ವಯಸ್ಸಾದ ನಾಯಿಗಳಲ್ಲಿ ಅಂಗಚ್ಛೇದನೋತ್ತರ ಆರೈಕೆ ಎಂದರೆ ರೋಗ ಅಥವಾ ಅಪಘಾತದ ಕಾರಣದಿಂದ ಒಂದು ಕಾಲನ್ನು ಶಸ್ತ್ರಚಿಕಿತ್ಸೆಯ ಮೂಲಕ ತೆಗೆಯಲಾದ ಹಿರಿಯ ನಾಯಿಯು ಮೂರು ಕಾಲುಗಳ ಮೇಲೆ ನಿಲ್ಲಲು, ನಡೆಯಲು ಮತ್ತು ನೋವಿಲ್ಲದೆ ಬದುಕಲು ನೆರವಾಗುವ ಶುಶ್ರೂಷೆ. ನೋವಿನ ನಿಯಂತ್ರಣ, ಗಾಯದ ಆರೈಕೆ, ಮನೆಯ ನೆಲ ಮತ್ತು ಮೆಟ್ಟಿಲುಗಳ ಮಾರ್ಪಾಡು, ದೇಹತೂಕದ ನಿಯಂತ್ರಣ ಹಾಗೂ ಕ್ರಮಬದ್ಧ ವ್ಯಾಯಾಮ ಇದರ ಮುಖ್ಯ ಅಂಗಗಳು. ಕರ್ನಾಟಕದ ಕರಾವಳಿ ಮತ್ತು ಅದಕ್ಕೆ ತಾಗಿದ ಪಶ್ಚಿಮ ಘಟ್ಟದ ತಪ್ಪಲಿನಲ್ಲಿ, ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೊದಲಾದ ತಾಲೂಕುಗಳಲ್ಲಿ, ದೀರ್ಘ ಮಳೆಗಾಲ, ಉಣ್ಣೆಗಳಿಂದ ಹರಡುವ ಜ್ವರಗಳು ಮತ್ತು ಗಾಯಕ್ಕೆ ಹುಳು ಬೀಳುವ ಸಮಸ್ಯೆಯಿಂದಾಗಿ ಈ ಆರೈಕೆಯು ಕೆಲವು ವಿಶೇಷ ಎಚ್ಚರಿಕೆಗಳನ್ನು ಬೇಡುತ್ತದೆ.

ನಾಯಿಯನ್ನು ಯಾವ ವಯಸ್ಸಿನಿಂದ ಹಿರಿಯದೆಂದು ಪರಿಗಣಿಸಬೇಕು ಎಂಬುದು ಅದರ ಗಾತ್ರವನ್ನು ಅವಲಂಬಿಸಿದೆ. ದೊಡ್ಡ ತಳಿಯ ನಾಯಿಗಳು ಸುಮಾರು 7 ವರ್ಷಕ್ಕೇ ಹಿರಿತನವನ್ನು ಮುಟ್ಟಿದರೆ ಸಣ್ಣ ತಳಿಗಳು 10 ವರ್ಷ ದಾಟಿದ ಮೇಲೂ ಚುರುಕಾಗಿರುತ್ತವೆ. ನಮ್ಮ ಊರುಗಳ ದೇಶಿ ನಾಯಿಗಳು ಇವೆರಡರ ನಡುವೆ ಬರುತ್ತವೆ.

ಅಂಗಚ್ಛೇದನದ ಕಾರಣಗಳು

ಹಿರಿಯ ನಾಯಿಗಳಲ್ಲಿ ಕಾಲನ್ನು ತೆಗೆಯಬೇಕಾಗಿ ಬರುವ ಪ್ರಮುಖ ಕಾರಣಗಳಲ್ಲಿ ಮೂಳೆಯ ಕ್ಯಾನ್ಸರ್ ಒಂದು. ನಾಯಿಗಳ ಪ್ರಾಥಮಿಕ ಮೂಳೆಗೆಡ್ಡೆಗಳಲ್ಲಿ ಸುಮಾರು 85% ಆಸ್ಟಿಯೋಸಾರ್ಕೋಮ ಎಂಬ ಬಗೆಗೆ ಸೇರಿದವು. ಇದು ಬಹುತೇಕ ದೊಡ್ಡ ಗಾತ್ರದ ನಾಯಿಗಳಿಗೆ ಬರುತ್ತದೆ. ಮುಂಗಾಲಿನಲ್ಲಿ ಭುಜದ ಬಳಿ ಇಲ್ಲವೆ ಮಣಿಕಟ್ಟಿನ ಬಳಿ, ಹಿಂಗಾಲಿನಲ್ಲಿ ಮಂಡಿಯ ಸುತ್ತ ಕಾಣಿಸಿಕೊಳ್ಳುತ್ತದೆ. ಮೊದಲ ಲಕ್ಷಣ ಕುಂಟುವಿಕೆ. ಅದನ್ನು ಉಳುಕು ಅಥವಾ ವಯೋಸಹಜ ಸಂಧಿವಾತ ಎಂದು ಭಾವಿಸಿ ವಾರಗಟ್ಟಲೆ ಎಣ್ಣೆ ತಿಕ್ಕುತ್ತ ಕಳೆಯುವುದು ಸಾಮಾನ್ಯ. ಕ್ಯಾನ್ಸರ್ ಹಿಡಿದ ಮೂಳೆಯು ಒಳಗಿನಿಂದ ಟೊಳ್ಳಾಗಿ, ಒಂದು ದಿನ ಜಗಲಿಯಿಂದ ಇಳಿಯುವಾಗಲೇ ಮುರಿಯಬಹುದು. ಹಿರಿಯ ನಾಯಿಯ ಕುಂಟು ಎರಡು ವಾರಕ್ಕೂ ಕಡಿಮೆಯಾಗದಿದ್ದರೆ ಕ್ಷ-ಕಿರಣ ಚಿತ್ರ ತೆಗೆಸುವುದು ಅಗತ್ಯ. ಸ್ನಾಯು, ನರ ಮತ್ತು ಚರ್ಮದ ಕೆಲವು ಗೆಡ್ಡೆಗಳಿಗೂ ಅಂಗಚ್ಛೇದನವೇ ಪರಿಹಾರವಾಗುವುದುಂಟು.

ಎರಡನೆಯ ಕಾರಣ ರಸ್ತೆ ಅಪಘಾತ. ಮಂಗಳೂರು–ಬೆಂಗಳೂರು ಹೆದ್ದಾರಿಯು ಬಂಟ್ವಾಳದ ಬಿ.ಸಿ.ರೋಡಿನ ಮೂಲಕವೂ, ಚಾರ್ಮಾಡಿ ಘಾಟಿಯ ಹೆದ್ದಾರಿಯು ಬೆಳ್ತಂಗಡಿಯ ಮೂಲಕವೂ, ಮಂಗಳೂರು–ಕಾರ್ಕಳ ಹೆದ್ದಾರಿಯು ಮೂಡುಬಿದಿರೆಯ ಮೂಲಕವೂ ಹಾದುಹೋಗುತ್ತವೆ. ಕಟ್ಟಿಹಾಕದೆ ಸಾಕುವ ಪದ್ಧತಿಯಿರುವ ಕಡೆ ಕಿವಿ ಮಂದವಾದ, ಕಣ್ಣಿಗೆ ಪೊರೆ ಬಂದ ಮುದಿ ನಾಯಿ ವಾಹನದ ಸದ್ದನ್ನು ತಡವಾಗಿ ಗ್ರಹಿಸುತ್ತದೆ. ಮೂಳೆ ಚೂರಾಗಿ ರಕ್ತನಾಳಗಳು ಹರಿದಾಗ, ಅಥವಾ ಭುಜದ ನರಜಾಲವೇ ಬೆನ್ನುಹುರಿಯಿಂದ ಕಿತ್ತುಬಂದು ಮುಂಗಾಲು ನಿಸ್ಸತ್ವವಾಗಿ ನೇತಾಡಿದಾಗ ಕಾಲನ್ನು ಉಳಿಸುವುದು ಅಸಾಧ್ಯವಾಗುತ್ತದೆ.

ತೋಟಗಳ ಅಂಚಿನಲ್ಲಿ ಕಾಡುಹಂದಿಗೆಂದು ಒಡ್ಡುವ ತಂತಿಯ ಉರುಳಿಗೆ ನಾಯಿಗಳು ಸಿಲುಕುವುದು ಮಲೆನಾಡಿನ ಅಂಚಿನಲ್ಲಿ ಕಂಡುಬರುವ ಇನ್ನೊಂದು ಕಾರಣ. ತಂತಿಯು ಪಾದವನ್ನು ಬಿಗಿದು ರಕ್ತಸಂಚಾರವನ್ನು ನಿಲ್ಲಿಸುತ್ತದೆ. ಕೆಲವು ಗಂಟೆಗಳಲ್ಲಿ ಅಂಗಾಂಶ ಸಾಯತೊಡಗುತ್ತದೆ. ಕೊಳಕುಮಂಡಲದಂತಹ ಹಾವಿನ ಕಡಿತದಿಂದ ಕೊಳೆತ ಕಾಲು, ಕೂಡಿಕೊಳ್ಳದೆ ಕೀವುಗಟ್ಟಿದ ಹಳೆಯ ಮುರಿತ ಮೊದಲಾದವು ಉಳಿದ ಕಾರಣಗಳು.

ವಯಸ್ಸಿನ ಪ್ರಶ್ನೆ

"ಇಷ್ಟು ವಯಸ್ಸಾದ ಮೇಲೆ ಇನ್ನೇಕೆ ಅದಕ್ಕೆ ಹಿಂಸೆ?" ಎಂಬ ಮಾತು ಇಂತಹ ಪ್ರತಿಯೊಂದು ಮನೆಯಲ್ಲೂ ಕೇಳಿಬರುತ್ತದೆ. ಮಾತಿನಲ್ಲಿ ಕಳಕಳಿ ಇದೆ, ಆದರೆ ಪ್ರಶ್ನೆ ಸರಿಯಾದುದಲ್ಲ. ಗೆಡ್ಡೆ ಅಥವಾ ಚೂರಾದ ಮೂಳೆಯಿರುವ ಕಾಲನ್ನು ಹಾಗೆಯೇ ಬಿಡುವುದು ಹಿಂಸೆಯನ್ನು ತಪ್ಪಿಸುವುದಿಲ್ಲ. ಮೂಳೆಯ ಕ್ಯಾನ್ಸರಿನ ನೋವು ಅತ್ಯಂತ ತೀವ್ರ ನೋವುಗಳಲ್ಲಿ ಒಂದು. ವಯಸ್ಸು ಸ್ವತಃ ರೋಗವಲ್ಲವೆಂಬುದು ಪಶುವೈದ್ಯಶಾಸ್ತ್ರದ ನಿಲುವು. ಕೇಳಬೇಕಾದ ಪ್ರಶ್ನೆಗಳು ಬೇರೆ: ಉಳಿದ ಮೂರು ಕಾಲುಗಳು ಭಾರ ಹೊರಲು ಸಮರ್ಥವೇ? ಮೂತ್ರಪಿಂಡ, ಯಕೃತ್ತು ಮತ್ತು ಹೃದಯ ಅರಿವಳಿಕೆಯನ್ನು ತಾಳಬಲ್ಲವೇ? ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆಯೇ?

ಅಂಗಚ್ಛೇದನಕ್ಕೆ ಒಳಗಾದ 64 ನಾಯಿಗಳ ಬಗ್ಗೆ 2015ರಲ್ಲಿ ಅಮೆರಿಕದ ಪಶುವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಯಿಯ ಜೀವನದ ಗುಣಮಟ್ಟ ಪೂರ್ಣವಾಗಿ ಅಥವಾ ಬಹುತೇಕ ಮೊದಲಿನಂತಾಯಿತೆಂದು 88% ಸಾಕಣೆದಾರರು ತಿಳಿಸಿದ್ದರು. ತಾವು ಎಣಿಸಿದ್ದಕ್ಕಿಂತ ಚೇತರಿಕೆ ಉತ್ತಮವಾಗಿತ್ತೆಂದು ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಹೇಳಿದ್ದರು. ಅದೇ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಹೆಚ್ಚು ತೂಕವಿದ್ದ ನಾಯಿಗಳ ಫಲಿತಾಂಶ ಕಳಪೆಯಾಗಿತ್ತು. ಬೊಜ್ಜಿನ ಬಗ್ಗೆ ಮುಂದೆ ಹೇಳುವ ಮಾತುಗಳ ಹಿಂದೆ ಈ ಕಾರಣವಿದೆ.

ಸೊಂಟದ ಕೀಲು ಸವೆದ, ಇನ್ನೊಂದು ಮಂಡಿಯ ಅಸ್ಥಿರಜ್ಜು ಹರಿದ ಅಥವಾ ಬೆನ್ನುಹುರಿಯ ತೊಂದರೆಯಿರುವ ನಾಯಿಗಳಲ್ಲಿ ನಿರ್ಧಾರ ಕಠಿಣ. ಸಾಧಾರಣ ಸಂಧಿವಾತವಿದ್ದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯನ್ನು ಕೈಬಿಡಬೇಕಾಗಿಲ್ಲ, ಆದರೆ ತೀವ್ರ ಸಂಧಿವಾತದಲ್ಲಿ ನೋವುನಿವಾರಕಗಳನ್ನಷ್ಟೇ ನೀಡುವ ಉಪಶಮನ ಚಿಕಿತ್ಸೆ ಇಲ್ಲವೆ ದಯಾಮರಣವೇ ಹೆಚ್ಚು ಮಾನವೀಯವಾಗಬಹುದು. ಕೆಲವು ದಿನಗಳ ಕಾಲ ರೋಗಗ್ರಸ್ತ ಕಾಲನ್ನು ಎತ್ತಿಕೊಂಡೇ ನಾಯಿ ಹೇಗೆ ಓಡಾಡುತ್ತದೆಂದು ಗಮನಿಸಿದರೆ ಮುಂದಿನ ಚಿತ್ರ ಸಾಕಷ್ಟು ತಿಳಿಯುತ್ತದೆ. ಕುಂಟುತ್ತಿರುವ ಹೆಚ್ಚಿನ ನಾಯಿಗಳು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಮೂರು ಕಾಲಿನ ನಡಿಗೆಯನ್ನು ಕಲಿತಿರುತ್ತವೆ.

ಆಸ್ಟಿಯೋಸಾರ್ಕೋಮ ಇರುವಾಗ ಇನ್ನೊಂದು ಸತ್ಯವನ್ನು ಮುಚ್ಚಿಡಬಾರದು. ರೋಗ ಪತ್ತೆಯಾಗುವ ಹೊತ್ತಿಗೆ ಸುಮಾರು 90% ನಾಯಿಗಳಲ್ಲಿ ಅದು ಕಣ್ಣಿಗೆ ಕಾಣದ ಪ್ರಮಾಣದಲ್ಲಿ ಹರಡಿಯಾಗಿರುತ್ತದೆ. ಅಂಗಚ್ಛೇದನ ಮಾತ್ರ ಮಾಡಿದರೆ ಮಧ್ಯಸ್ಥ ಬದುಕುಳಿವು 4ರಿಂದ 5 ತಿಂಗಳು. ಕಾರ್ಬೋಪ್ಲಾಟಿನ್‌ನಂತಹ ಔಷಧದ ಕೀಮೋಥೆರಪಿ ಜೊತೆಗೂಡಿದರೆ ಸುಮಾರು 10ರಿಂದ 12 ತಿಂಗಳು. ಇಲ್ಲಿ ಅಂಗಚ್ಛೇದನದ ಉದ್ದೇಶ ರೋಗವನ್ನು ಗುಣಪಡಿಸುವುದಲ್ಲ, ಉಳಿದ ಕಾಲವನ್ನು ನೋವಿಲ್ಲದಂತೆ ಮಾಡುವುದು. ಅಪಘಾತದಲ್ಲಿ ಕಾಲು ಕಳೆದುಕೊಂಡ ನಾಯಿಯಾದರೋ ತನ್ನ ಸಹಜ ಆಯುಷ್ಯವನ್ನು ಪೂರೈಸಬಲ್ಲದು.

ಶಸ್ತ್ರಚಿಕಿತ್ಸೆಗೆ ಮುನ್ನ

ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಎದೆಯ ಕ್ಷ-ಕಿರಣ ಚಿತ್ರ ಮತ್ತು ಹೃದಯದ ತಪಾಸಣೆ ಹಿರಿಯ ನಾಯಿಗೆ ಕಡ್ಡಾಯವೆನ್ನಬಹುದು. ಕರಾವಳಿಯಲ್ಲಿ ಇದಕ್ಕೆ ಉಣ್ಣೆಜ್ವರಗಳ ಪರೀಕ್ಷೆಯನ್ನೂ ಸೇರಿಸಬೇಕು. ಕಂದು ನಾಯಿಉಣ್ಣೆಯು ಹರಡುವ ಎರ್ಲೀಕಿಯೋಸಿಸ್ ಮತ್ತು ಬಬೀಸಿಯೋಸಿಸ್ ರೋಗಗಳು ಹೊರಗೆ ಹೆಚ್ಚೇನೂ ಲಕ್ಷಣ ತೋರದೆ ತಿಂಗಳುಗಟ್ಟಲೆ ದೇಹದಲ್ಲಿ ಉಳಿಯಬಲ್ಲವು. ಮೊದಲನೆಯದು ರಕ್ತದ ಕಿರುಬಿಲ್ಲೆಗಳನ್ನು ಕುಗ್ಗಿಸುತ್ತದೆ, ಎರಡನೆಯದು ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತದೆ. ಕಿರುಬಿಲ್ಲೆ ಕಡಿಮೆಯಿರುವ ನಾಯಿಯ ತೊಡೆಯನ್ನು ಕತ್ತರಿಸಿದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ಆದ್ದರಿಂದ ತುರ್ತಿಲ್ಲದ ಸಂದರ್ಭಗಳಲ್ಲಿ ಮೊದಲು ಜ್ವರಕ್ಕೆ ಚಿಕಿತ್ಸೆ ನೀಡಿ, ಕಿರುಬಿಲ್ಲೆಗಳ ಸಂಖ್ಯೆ ಏರಿದ ಬಳಿಕ ಶಸ್ತ್ರಚಿಕಿತ್ಸೆಗೆ ಕೈಹಾಕುತ್ತಾರೆ.

ಲಸಿಕೆಯ ವಿವರವನ್ನು ವೈದ್ಯರಿಗೆ ತಿಳಿಸಬೇಕು. ಗಾಯಗೊಂಡ ನಾಯಿ ತನ್ನ ಯಜಮಾನನನ್ನೂ ಕಚ್ಚಬಹುದಾದ್ದರಿಂದ ಸಾಗಿಸುವಾಗ ಉಸಿರಾಟಕ್ಕೆ ತೊಂದರೆಯಾಗದಂತೆ ಬಟ್ಟೆಯಿಂದ ಮೂತಿಯನ್ನು ಕಟ್ಟುವುದು ಒಳಿತು. ವಾಂತಿ ಮಾಡುತ್ತಿರುವ ಅಥವಾ ಏದುಸಿರು ಬಿಡುತ್ತಿರುವ ನಾಯಿಗೆ ಹೀಗೆ ಕಟ್ಟಬಾರದು. ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು.

ಶಸ್ತ್ರಚಿಕಿತ್ಸೆಯ ಸ್ವರೂಪ

ಮುಂಗಾಲನ್ನು ಸಾಮಾನ್ಯವಾಗಿ ಹೆಗಲಮೂಳೆಯ ಸಮೇತ ತೆಗೆಯಲಾಗುತ್ತದೆ. ಹಿಂಗಾಲನ್ನು ತೊಡೆಮೂಳೆಯ ನಡುಭಾಗದಲ್ಲಿ ಅಥವಾ ಸೊಂಟದ ಕೀಲಿನಲ್ಲಿ ಬೇರ್ಪಡಿಸುತ್ತಾರೆ. ರೋಗವಿಲ್ಲದ ಭಾಗವನ್ನು ಉಳಿಸಬಾರದೇ ಎಂದು ಹಲವರು ಕೇಳುವುದುಂಟು. ಮೊಂಡು ಉಳಿದರೆ ನಾಯಿ ಅದನ್ನು ಊರಲು ಯತ್ನಿಸಿ ನೆಲಕ್ಕೆ ತಾಗಿಸುತ್ತ ಪದೇ ಪದೇ ಗಾಯ ಮಾಡಿಕೊಳ್ಳುತ್ತದೆ. ಹೆಗಲಮೂಳೆ ಉಳಿದರೆ ಸುತ್ತಲಿನ ಸ್ನಾಯು ಬತ್ತಿ ಅದರ ಏಣು ಚರ್ಮದಡಿ ಚುಚ್ಚುತ್ತದೆ. ಕೃತಕ ಕಾಲನ್ನು ಅಳವಡಿಸುವ ಯೋಜನೆಯಿದ್ದರೆ ಮಾತ್ರ ಉದ್ದೇಶಪೂರ್ವಕವಾಗಿ ಮೊಂಡನ್ನು ಉಳಿಸಲಾಗುತ್ತದೆ.

ನರಗಳನ್ನು ಕತ್ತರಿಸುವ ಮೊದಲು ಅವುಗಳ ಸುತ್ತ ಬ್ಯುಪಿವಕೇನ್‌ನಂತಹ ಸ್ಥಾನಿಕ ಅರಿವಳಿಕೆಯನ್ನು ಚುಚ್ಚುವುದರಿಂದ ಎಚ್ಚರವಾದ ಮೇಲಿನ ನೋವು ಗಣನೀಯವಾಗಿ ಕಡಿಮೆಯಾಗುತ್ತದೆ.

ಭಾರತದಲ್ಲಿ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984ರ ಅನ್ವಯ ನೋಂದಾಯಿತ ಪಶುವೈದ್ಯರು ಮಾತ್ರ ಇಂತಹ ಶಸ್ತ್ರಚಿಕಿತ್ಸೆಯನ್ನು ನಡೆಸಬಹುದು. ತಾಲೂಕು ಮಟ್ಟದಲ್ಲಿ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ಬಂಟ್ವಾಳ, ಮೂಡುಬಿದಿರೆ ಕಡೆಯವರಿಗೆ ಮಂಗಳೂರು ಹತ್ತಿರ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಬೆಂಗಳೂರಿನ ಹೆಬ್ಬಾಳ ಮತ್ತು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಘಟ್ಟ ಹತ್ತಿ ಹೋಗಬೇಕಾದಾಗ ಮುದಿ ನಾಯಿಗೆ ದಾರಿಯುದ್ದಕ್ಕೂ ನೀರು ಕೊಡಲು, ಎರಡು ಮೂರು ಗಂಟೆಗೊಮ್ಮೆ ಇಳಿಸಿ ಮೂತ್ರಕ್ಕೆ ಬಿಡಲು ಮರೆಯಬಾರದು.

ಮೊದಲ ಎರಡು ವಾರಗಳು

ಬಹುತೇಕ ನಾಯಿಗಳು ಶಸ್ತ್ರಚಿಕಿತ್ಸೆಯ ಮರುದಿನವೇ ಎದ್ದು ನಿಲ್ಲಲು ಯತ್ನಿಸುತ್ತವೆ. ಹಿರಿಯ ನಾಯಿಗೆ ಎರಡು ಮೂರು ದಿನ ಹೆಚ್ಚು ಬೇಕಾಗಬಹುದು. ಮನೆಯವರಿಗೆ ಅತ್ಯಂತ ಕಷ್ಟವಾಗುವುದು ಈ ದಿನಗಳೇ: ಬೋಳಿಸಿದ ಮೈ, ಉದ್ದನೆಯ ಹೊಲಿಗೆ, ಸುತ್ತಲೂ ನೇರಳೆ ಬಣ್ಣಕ್ಕೆ ತಿರುಗಿದ ಚರ್ಮ, ರಾತ್ರಿಯಿಡೀ ನರಳಾಟ. "ತಪ್ಪು ಮಾಡಿದೆವೇನೋ" ಎಂಬ ಭಾವನೆ ಮೊದಲ ವಾರದಲ್ಲಿ ಬರುವುದು ಅಸಹಜವಲ್ಲ. ನರಳಾಟದಲ್ಲಿ ಒಂದು ಪಾಲು ಅರಿವಳಿಕೆ ಮತ್ತು ಓಪಿಯಾಯ್ಡ್ ಔಷಧಗಳ ಅಮಲಿನಿಂದಲೂ ಬರುತ್ತದೆ, ಎಲ್ಲವೂ ನೋವಿನಿಂದಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ನೋವಿಗೆ ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಅಥವಾ ಕಾರ್‌ಪ್ರೊಫೆನ್‌ನಂತಹ ಉರಿಯೂತ ನಿವಾರಕ, ನರದ ನೋವಿಗೆ ಗ್ಯಾಬಪೆಂಟಿನ್, ಅಗತ್ಯವಿದ್ದರೆ ಓಪಿಯಾಯ್ಡ್ ವರ್ಗದ ಔಷಧವನ್ನು ಜೊತೆಗೂಡಿಸಿ ಕೊಡುತ್ತಾರೆ. ಉರಿಯೂತ ನಿವಾರಕಗಳನ್ನು ಆಹಾರದೊಂದಿಗೇ ಕೊಡಬೇಕು. ವಾಂತಿ, ಕಪ್ಪು ಬಣ್ಣದ ಮಲ ಅಥವಾ ಅತಿಯಾದ ಬಾಯಾರಿಕೆ ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮೂತ್ರಪಿಂಡ ದುರ್ಬಲವಾಗಿರುವ ಮುದಿ ನಾಯಿಯಲ್ಲಿ ಈ ಎಚ್ಚರಿಕೆ ಇಮ್ಮಡಿ ಮುಖ್ಯ. ಮನೆಯ ಕಪಾಟಿನಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಸಿಟಮಾಲ್ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ಎಂದೂ ಕೊಡಬಾರದು. ಮೊದಲೆರಡು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮತ್ತು ಮೂತ್ರಪಿಂಡ ವೈಫಲ್ಯವನ್ನು ಉಂಟುಮಾಡುತ್ತವೆ. ಡೈಕ್ಲೊಫೆನಾಕ್‌ನ ಪಶುವೈದ್ಯಕೀಯ ಬಳಕೆಯನ್ನು ಭಾರತದಲ್ಲಿ 2006ರಲ್ಲಿಯೇ ನಿಷೇಧಿಸಲಾಗಿದೆ. ಆ ನಿಷೇಧ ಬಂದದ್ದು ನಾಯಿಗಳಿಗಾಗಿ ಅಲ್ಲ, ರಣಹದ್ದುಗಳನ್ನು ಉಳಿಸಲು.

ಇಲ್ಲದ ಕಾಲಿನ ನೋವು ಮನುಷ್ಯರಂತೆ ನಾಯಿಗಳಿಗೂ ಬರಬಹುದೆಂದು ಭಾವಿಸಲಾಗಿದೆ. ಹಠಾತ್ತನೆ ಕಿರುಚುವುದು, ಹೊಲಿಗೆಯತ್ತ ತಿರುಗಿ ನೋಡುವುದು, ಏನೂ ಮುಟ್ಟದಿದ್ದರೂ ಬೆಚ್ಚಿಬೀಳುವುದು ಇದರ ಲಕ್ಷಣಗಳು. ಇದು ಕಾಣಿಸಿಕೊಂಡರೆ ಗ್ಯಾಬಪೆಂಟಿನ್ ಪ್ರಮಾಣವನ್ನು ವೈದ್ಯರು ಹೊಂದಿಸುತ್ತಾರೆ; ಥಟ್ಟನೆ ನಿಲ್ಲಿಸದೆ ಕ್ರಮೇಣ ಇಳಿಸುತ್ತಾರೆ.

ನಾಯಿಯನ್ನು ಎಬ್ಬಿಸಲು ಅಗಲವಾದ ಬೈರಾಸನ್ನೋ ಹಳೆಯ ಪಂಚೆಯನ್ನೋ ತೊಟ್ಟಿಲಿನಂತೆ ಬಳಸಬಹುದು. ಹಿಂಗಾಲು ಹೋದ ನಾಯಿಗೆ ಹೊಟ್ಟೆಯ ಕೆಳಗೆ, ಮುಂಗಾಲು ಹೋದ ನಾಯಿಗೆ ಎದೆಯ ಕೆಳಗೆ ಬಟ್ಟೆಯನ್ನು ಹಾಯಿಸಿ ಮೇಲಿನಿಂದ ಹಗುರಾಗಿ ಹಿಡಿಯಬೇಕು. ಬಟ್ಟೆ ಹೊಲಿಗೆಯ ಮೇಲೆ ಒತ್ತಬಾರದು. ಪೂರ್ತಿ ಎತ್ತಿ ನಡೆಸಿದರೆ ನಾಯಿ ಸಮತೋಲನ ಕಲಿಯುವುದಿಲ್ಲ. ಬೀಳುವಾಗ ತಡೆಯುವಷ್ಟು ಆಸರೆ ಸಾಕು.

ಮೂತ್ರ 24 ಗಂಟೆಯೊಳಗೆ ಆಗಬೇಕು. ಮಲವಿಸರ್ಜನೆ ಮೂರು ನಾಲ್ಕು ದಿನ ತಡವಾಗಬಹುದು. ಕಾಲೆತ್ತುವ ಅಭ್ಯಾಸದ ಗಂಡು ನಾಯಿ ಹಿಂಗಾಲು ಕಳೆದುಕೊಂಡರೆ ಮೂತ್ರ ವಿಸರ್ಜನೆಗೆ ಹೊಸ ಭಂಗಿಯನ್ನು ಹುಡುಕಿಕೊಳ್ಳಲು ಕೆಲವು ದಿನ ಪರದಾಡುತ್ತದೆ. ನಾಯಿ ಮಲಗಿದಲ್ಲೇ ಇದ್ದರೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಮೊಣಕೈ ಮತ್ತು ಸೊಂಟದ ಮೂಳೆಯ ಮೇಲೆ ಒತ್ತಡದ ಹುಣ್ಣುಗಳಾಗುತ್ತವೆ. ಕೇವಲ ಗೋಣಿಚೀಲ ಸಾಲದು. ಹಳೆಯ ಹತ್ತಿಹಾಸಿಗೆ ಅಥವಾ ದಪ್ಪ ಫೋಮಿನ ಮೇಲೆ ತೊಳೆಯಬಹುದಾದ ಬಟ್ಟೆ ಹಾಸಬೇಕು.

ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯಿಂದ 10–15 ನಿಮಿಷದಂತೆ ತಣ್ಣನೆಯ ಶಾಖ ಕೊಟ್ಟರೆ ಬಾವು ಇಳಿಯುತ್ತದೆ. ಹೊಲಿಗೆಯ ಕೆಳಭಾಗದಲ್ಲಿ ನೀರು ತುಂಬಿದಂತೆ ಮೆತ್ತಗಿನ ಊತ ಬರುವುದು ಸಾಮಾನ್ಯ, ಹೆಚ್ಚಾಗಿ ತಾನಾಗಿಯೇ ಕರಗುತ್ತದೆ. ಸೂಜಿಯಿಂದ ಚುಚ್ಚಿ ತೆಗೆಯಲು ಮನೆಯಲ್ಲಿ ಯತ್ನಿಸಬಾರದು. ಹೊಲಿಗೆಗಳನ್ನು 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಅಲ್ಲಿಯವರೆಗೆ ನಾಯಿ ನೆಕ್ಕದಂತೆ ಕೊರಳಿಗೆ ರಕ್ಷಣಾ ಪಟ್ಟಿ ಹಾಕಬೇಕು. ಮೂರು ಕಾಲಿನಲ್ಲಿ ನಡೆಯಲು ಕಲಿಯುತ್ತಿರುವ ಮುದಿ ನಾಯಿಗೆ ದೊಡ್ಡ ಪ್ಲಾಸ್ಟಿಕ್ ಪಟ್ಟಿ ಬಾಗಿಲಿಗೆ ತಾಗಿ ಎಡವಿಸುವುದೂ ಉಂಟು. ಅಂಥಲ್ಲಿ ಮೈಗೆ ಒಗ್ಗುವ ಹಳೆಯ ಬನಿಯನ್ ತೊಡಿಸುವುದು ಪರ್ಯಾಯ, ಆದರೆ ಮನೆಯವರ ಕಣ್ಣು ಅದರ ಮೇಲಿರಬೇಕು.

ಒಸಡು ಬಿಳಚುವುದು, ವಿಶ್ರಾಂತಿಯಲ್ಲೂ ಉಸಿರಾಟ ನಿಮಿಷಕ್ಕೆ 40ನ್ನು ಮೀರುವುದು, ಗಾಯದಿಂದ ದುರ್ವಾಸನೆ ಅಥವಾ ಕೀವು, 39.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ, ಎರಡು ದಿನ ಏನನ್ನೂ ತಿನ್ನದಿರುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ವೈದ್ಯರ ಬಳಿಗೆ ಒಯ್ಯಬೇಕು.

ಮಳೆಗಾಲ, ನೊಣ ಮತ್ತು ಹುಳು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಈ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯ ಗಾಯವನ್ನು ಒಣಗಿದಂತೆ ಇಟ್ಟುಕೊಳ್ಳುವುದೇ ದೊಡ್ಡ ಕೆಲಸ. ಒದ್ದೆಯಾದ, ರಕ್ತದ ವಾಸನೆಯಿರುವ ಗಾಯದ ಮೇಲೆ ನೊಣಗಳು ಮೊಟ್ಟೆಯಿಡುತ್ತವೆ. ಒಂದು ದಿನದೊಳಗೆ ಮರಿಹುಳುಗಳು ಹೊರಬಂದು ಜೀವಂತ ಮಾಂಸವನ್ನು ಕೊರೆಯತೊಡಗುತ್ತವೆ. ದಟ್ಟ ಕೂದಲಿನ, ಮಲಗಿದಲ್ಲೇ ಇರುವ ಮುದಿ ನಾಯಿಯಲ್ಲಿ ಇದು ಗಮನಕ್ಕೆ ಬರುವಷ್ಟರಲ್ಲಿ ಗಾಯ ಅಂಗೈಯಗಲವಾಗಿರಬಹುದು. ಬೆಳಗ್ಗೆ ಮತ್ತು ಸಂಜೆ ಬೆಳಕಿನಲ್ಲಿ ಹೊಲಿಗೆಯನ್ನು ಪೂರ್ತಿ ನೋಡುವುದು, ಒದ್ದೆಯಾದರೆ ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸುವುದು, ಹಗಲು ಸೊಳ್ಳೆಪರದೆಯೊಳಗೆ ಮಲಗಿಸುವುದು ಸರಳವಾದರೂ ಪರಿಣಾಮಕಾರಿ ಕ್ರಮಗಳು.

ಹುಳು ಬಿದ್ದ ಗಾಯಕ್ಕೆ ಫಿನಾಯಿಲ್, ಸೀಮೆಎಣ್ಣೆ, ನುಸಿಗುಳಿಗೆ ಪುಡಿ ಹಾಕುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಇವು ಹುಳುವಿನೊಂದಿಗೆ ಅಂಗಾಂಶವನ್ನೂ ಸುಡುತ್ತವೆ. ನಾಯಿ ನೆಕ್ಕಿದರೆ ವಿಷವಾಗುತ್ತವೆ. ಸೀತಾಫಲದ ಎಲೆಯನ್ನು ಅರೆದು ಹಚ್ಚುವ ಪದ್ಧತಿ ಹಳೆಯದಾದರೂ ಹೊಲಿಗೆಯಿರುವ ಶಸ್ತ್ರಗಾಯಕ್ಕೆ ಅದು ತಕ್ಕುದಲ್ಲ. ಹುಳುಗಳನ್ನು ಒಂದೊಂದಾಗಿ ತೆಗೆದು ಗಾಯ ತೊಳೆಯುವ ಕೆಲಸವನ್ನು ಪಶುವೈದ್ಯರಿಗೆ ಬಿಡಬೇಕು.

ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ಸಿಂಪಡಣೆಯ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡದಿರುವುದು, ಪಾದ ಒದ್ದೆಯಾಗಿದ್ದರೆ ತೊಳೆಯುವುದು ಒಳಿತು. ನಿಂತ ನೀರಿನಿಂದ ಹರಡುವ ಇಲಿಜ್ವರದ ವಿರುದ್ಧ ಲಸಿಕೆ ಹಾಕಿಸಿರಬೇಕು.

ಮನೆಯ ನೆಲ ಮತ್ತು ಅಂಗಳ

ನಾಲ್ಕು ಕಾಲಿನ ನಾಯಿ ತನ್ನ ತೂಕದ ಸುಮಾರು 60% ಭಾಗವನ್ನು ಮುಂಗಾಲುಗಳ ಮೇಲೂ 40% ಭಾಗವನ್ನು ಹಿಂಗಾಲುಗಳ ಮೇಲೂ ಹೊರುತ್ತದೆ. ಹೀಗಾಗಿ ಮುಂಗಾಲು ಕಳೆದುಕೊಂಡ ನಾಯಿಯ ಹೊಂದಾಣಿಕೆ ಸ್ವಲ್ಪ ಹೆಚ್ಚು ಕಷ್ಟ: ಉಳಿದ ಒಂದೇ ಮುಂಗಾಲು ದೇಹದ ನಡುರೇಖೆಯತ್ತ ಸರಿದು ನಿಲ್ಲುತ್ತದೆ, ನಡಿಗೆ ಕುಪ್ಪಳಿಸುವಂತಾಗುತ್ತದೆ, ತಲೆ ಮೇಲೆ ಕೆಳಗೆ ಆಡುತ್ತದೆ. ಇಳಿಜಾರು ಮತ್ತು ಮೆಟ್ಟಿಲು ಇಳಿಯುವುದು ಇಂತಹ ನಾಯಿಗೆ ಅಪಾಯಕಾರಿ. ಹಿಂಗಾಲು ಇಲ್ಲದ ನಾಯಿಗೆ ಮೆಟ್ಟಿಲು ಹತ್ತುವುದು, ಕುಳಿತಲ್ಲಿಂದ ಏಳುವುದು ಕಷ್ಟ.

ಎರಡೂ ಬಗೆಯ ನಾಯಿಗಳಿಗೆ ಜಾರುವ ನೆಲವೇ ಪರಮಶತ್ರು. ಹಳೆಯ ಮನೆಗಳ ನುಣ್ಣನೆಯ ಕೆಂಪು ಕಾವಿ ನೆಲ, ಹೊಸ ಮನೆಗಳ ವಿಟ್ರಿಫೈಡ್ ಟೈಲು ಎರಡೂ ಮೂರು ಕಾಲಿನ ನಾಯಿಗೆ ಮಂಜುಗಡ್ಡೆಯಂತೆಯೇ. ಒಮ್ಮೆ ಕಾಲುಗಳು ಅಗಲಕ್ಕೆ ಜಾರಿ ಬಿದ್ದ ಮುದಿ ನಾಯಿ ಮತ್ತೆ ಏಳಲೇ ಹೆದರುತ್ತದೆ. ಮಲಗುವ ಜಾಗದಿಂದ ಊಟದ ಜಾಗಕ್ಕೂ ಬಾಗಿಲಿಗೂ ತೆಂಗಿನ ನಾರಿನ ಚಾಪೆ ಅಥವಾ ರಬ್ಬರ್ ಹಾಸುಗಳ ಒಂದು ದಾರಿಯನ್ನೇ ನಿರ್ಮಿಸಿ, ಹಾಸು ಸರಿಯದಂತೆ ಅಂಟಿಸಬೇಕು. ಸೆಗಣಿ ಸಾರಿಸಿದ ಅಂಗಳ ಜಾರುವುದಿಲ್ಲ, ಆದರೆ ಗಾಯ ಒಣಗುವವರೆಗೆ ಅಲ್ಲಿ ಮಲಗಲು ಬಿಡಬಾರದು. ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಮಳೆಗಾಲದಲ್ಲಿ ಕಟ್ಟುವ ಪಾಚಿಯನ್ನು ಉಜ್ಜಿ ತೆಗೆದು, ಸಾಧ್ಯವಾದರೆ ಹಲಗೆಯ ಇಳಿಜಾರು ಮಾಡಿ ಅದರ ಮೇಲೆ ಗೋಣಿ ಹೊದಿಸಬಹುದು. ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿ, ಬೆರಳ ಸಂದಿಯ ಕೂದಲನ್ನು ಟ್ರಿಮ್ ಮಾಡಿದರೆ ಪಾದದ ಹಿಡಿತ ಹೆಚ್ಚುತ್ತದೆ. ಮುಂಗಾಲು ಇಲ್ಲದ ನಾಯಿಯ ಅನ್ನದ ಬಟ್ಟಲನ್ನು ಮೊಣಕೈ ಎತ್ತರಕ್ಕೆ ಏರಿಸಿಡಬೇಕು. ದೃಷ್ಟಿ ಮಂದವಾಗಿದ್ದರೆ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ.

ಘಟ್ಟದ ತಪ್ಪಲಿನ ಮನೆಗಳಲ್ಲಿ ಚಿರತೆಯ ಭಯ ಕಲ್ಪಿತವಲ್ಲ. ಜಗಲಿಯಲ್ಲಿ ಮಲಗುವ ನಾಯಿಗಳು ಚಿರತೆಗೆ ಸುಲಭದ ಬೇಟೆ. ಓಡಲಾಗದ ಮೂರು ಕಾಲಿನ ನಾಯಿಯಂತೂ ತಪ್ಪಿಸಿಕೊಳ್ಳಲಾರದು. ಇಂತಹ ನಾಯಿಯನ್ನು ಕತ್ತಲಾದ ಬಳಿಕ ಮನೆಯೊಳಗೆ ಅಥವಾ ಭದ್ರವಾದ ಗೂಡಿನಲ್ಲಿ ಮಲಗಿಸಬೇಕು. ತೋಟದ ಕಾವಲಿನ ಕೆಲಸದಿಂದಲೂ ಅದಕ್ಕೆ ನಿವೃತ್ತಿ ನೀಡಬೇಕಾಗುತ್ತದೆ.

ತೂಕ ಮತ್ತು ಆಹಾರ

ಮೂರು ಕಾಲುಗಳು ನಾಲ್ಕರ ಭಾರವನ್ನು ಹೊರಬೇಕಾದ್ದರಿಂದ ಪ್ರತಿ ಅಧಿಕ ಕಿಲೋ ಉಳಿದ ಕೀಲುಗಳನ್ನು ಸವೆಸುತ್ತದೆ. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಒಳಸರಿದಿರಬೇಕು. ವಿಶ್ರಾಂತಿಯಲ್ಲಿರುವ 20 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 660 ಕಿಲೋಕ್ಯಾಲೊರಿ ಮೂಲಶಕ್ತಿ ಬೇಕು; ಚಟುವಟಿಕೆಗೆ ತಕ್ಕಂತೆ ಅದಕ್ಕೆ ಸೇರಿಸಲಾಗುತ್ತದೆ. ಮೀನುಸಾರಿನ ಕುಚ್ಚಲಕ್ಕಿ ಅನ್ನವೇ ಮುಖ್ಯ ಆಹಾರವಾಗಿರುವ ನಮ್ಮ ನಾಯಿಗಳಿಗೆ ಪಿಷ್ಟ ಹೆಚ್ಚು, ಪ್ರೋಟೀನ್ ಕಡಿಮೆ. ಗಾಯ ಮಾಯಲು ಮತ್ತು ಸ್ನಾಯು ಉಳಿಯಲು ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಅಥವಾ ಎಲುಬಿಲ್ಲದ ಕೋಳಿಮಾಂಸವನ್ನು ಹೆಚ್ಚಿಸಿ ಅನ್ನವನ್ನು ತಗ್ಗಿಸಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ಈ ಲೆಕ್ಕವೇ ಬದಲಾಗುತ್ತದೆ. ಒಣಮೀನಿನ ಉಪ್ಪು, ಈರುಳ್ಳಿ ಮತ್ತು ಬೆಳ್ಳುಳ್ಳಿ ಹಾಕಿದ ಸಾರು, ಬೆಂದ ಕೋಳಿಯೆಲುಬು ವರ್ಜ್ಯ. ಕನಿಕರದಿಂದ ಮನೆಮಂದಿಯೆಲ್ಲ ಒಂದೊಂದು ಬಿಸ್ಕತ್ತು ಕೊಡುವುದರಿಂದ ಚೇತರಿಕೆಯ ತಿಂಗಳುಗಳಲ್ಲೇ ಬೊಜ್ಜು ಬೆಳೆಯುತ್ತದೆ.

ವ್ಯಾಯಾಮ

ಹೊಲಿಗೆ ಬಿಚ್ಚುವವರೆಗೆ ಹಗ್ಗ ಹಿಡಿದು ಐದೈದು ನಿಮಿಷದ ನಡಿಗೆ, ದಿನಕ್ಕೆ ಎರಡು ಮೂರು ಬಾರಿ ಸಾಕು. ನಿಧಾನವಾಗಿ ನಡೆಯುವಾಗಲೇ ಮೂರು ಕಾಲಿನ ಸಮತೋಲನ ಕಷ್ಟ. ಓಡುವಾಗ ಸುಲಭವೆನಿಸುವುದರಿಂದ ನಾಯಿಗಳು ಓಡಲು ಯತ್ನಿಸುತ್ತವೆ. ತಡೆಯಬೇಕು. ಮೂರನೆಯ ವಾರದಿಂದ ಕುಳಿತು ಏಳುವ ಅಭ್ಯಾಸ, ನಿಂತಿರುವ ನಾಯಿಯ ಮೈಯನ್ನು ಮೆಲ್ಲಗೆ ಅತ್ತಿತ್ತ ತಳ್ಳಿ ಭಾರ ಹೊಂದಿಸಿಕೊಳ್ಳುವಂತೆ ಮಾಡುವುದು, ಮರಳು ಅಥವಾ ಹುಲ್ಲಿನ ಮೇಲೆ ನಡಿಗೆ ಇವುಗಳನ್ನು ಸೇರಿಸಬಹುದು. ಹೆಚ್ಚಿನ ನಾಯಿಗಳು ಒಂದು ತಿಂಗಳೊಳಗೆ ಹೊಂದಿಕೊಳ್ಳುತ್ತವೆ. ಹಿರಿಯ ನಾಯಿಯ ಬೆನ್ನು ಮತ್ತು ಉಳಿದ ಕಾಲಿನ ಸ್ನಾಯುಗಳು ಬೇಗ ದಣಿಯುವುದರಿಂದ ಸಂಜೆ ಬೆಚ್ಚನೆಯ ಶಾಖ ಕೊಟ್ಟು ಹಗುರಾಗಿ ನೀವುವುದು ಹಿತಕರ.

ಮೂರು ಕಾಲಿನ ನಡಿಗೆ ಹೆಚ್ಚು ಶಕ್ತಿಯನ್ನು ಬೇಡುತ್ತದೆ, ದೇಹ ಬೇಗ ಬಿಸಿಯೇರುತ್ತದೆ. ಏಪ್ರಿಲ್–ಮೇ ತಿಂಗಳ ತೇವಭರಿತ ಸೆಕೆಯಲ್ಲಿ ಬೆಳಗಿನ ಏಳಕ್ಕೆ ಮೊದಲೇ ನಡಿಗೆ ಮುಗಿಸಬೇಕು. ಗಾಯ ಸಂಪೂರ್ಣ ಮಾಗಿದ ಮೇಲೆ ಈಜು ಉತ್ತಮ ವ್ಯಾಯಾಮ, ಆದರೆ ನಾಯಿಯ ಎದೆಪಟ್ಟಿಗೆ ಹಗ್ಗವಿದ್ದು ಜೊತೆಗೆ ಮನುಷ್ಯರೂ ನೀರಿಗಿಳಿದಿರಬೇಕು. ನೇತ್ರಾವತಿ, ಫಲ್ಗುಣಿಯಂತಹ ನದಿಗಳಲ್ಲಿ ಮಳೆಗಾಲದಲ್ಲಿ ಇದು ಯೋಚಿಸಲೂಬಾರದ ಸಾಹಸ.

ಕೃತಕ ಕಾಲು ಮತ್ತು ಗಾಲಿಬಂಡಿ

ಕೃತಕ ಕಾಲನ್ನು ಕೂರಿಸಲು ಸಾಕಷ್ಟು ಉದ್ದದ ಮೊಂಡು ಇರಬೇಕಾದ್ದರಿಂದ ಭುಜದಿಂದ ಅಥವಾ ಸೊಂಟದಿಂದ ಕಾಲು ತೆಗೆದ ನಾಯಿಗಳಿಗೆ ಅದು ಸಾಧ್ಯವಿಲ್ಲ. ಭಾರತದಲ್ಲಿ ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಅವರು ಕೃಷ್ಣ ಎಂಬ ಕರುವಿಗಾಗಿ ರೂಪಿಸಿ, ಅದರ ಹೆಸರಿನಲ್ಲೇ ಪ್ರಸಿದ್ಧವಾದ ‘ಕೃಷ್ಣ ಲಿಂಬ್’ ಪ್ರಾಣಿಗಳ ಕೃತಕ ಕಾಲಿನ ಪರಿಚಿತ ಉದಾಹರಣೆ. ಹಿರಿಯ ನಾಯಿಗಳಲ್ಲಿ ಮೊಂಡಿನ ಚರ್ಮ ಸುಲಭವಾಗಿ ಸುಲಿಯುವುದರಿಂದ ದಿನವೂ ಬಿಚ್ಚಿ ನೋಡುವ ತಾಳ್ಮೆ ಬೇಕು. ಇನ್ನೊಂದು ಹಿಂಗಾಲು ಕೂಡ ದುರ್ಬಲವಾದಾಗ ಎರಡು ಗಾಲಿಯ ಬಂಡಿ ನೆರವಾಗುತ್ತದೆ. ಸಮತಟ್ಟಾದ ಅಂಗಳದಲ್ಲಿ ಅದು ಸರಾಗ, ತೋಟದ ಕಣಿ ಮತ್ತು ಏರಿಗಳಲ್ಲಿ ನಿರುಪಯುಕ್ತ.

ಸಾಮಾಜಿಕ ಮತ್ತು ಕಾನೂನಿನ ಅಂಶಗಳು

ಬೆಂಗಳೂರಿನ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಎಂಬ ಪ್ರಾಣಿರಕ್ಷಣಾ ಸಂಸ್ಥೆಗೆ ಆ ಹೆಸರು ಬಂದಿರುವುದು ಚಾರ್ಲಿ ಎಂಬ ಮೂರು ಕಾಲಿನ ದೇಶಿ ನಾಯಿಯಿಂದ. ಅದೇ ಹೆಸರಿನ ನಾಯಿಯನ್ನು ಕೇಂದ್ರವಾಗುಳ್ಳ, 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಕನ್ನಡ ಚಿತ್ರಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು. ಚಿತ್ರದ ನಾಯಿ ಕ್ಯಾನ್ಸರ್ ಪೀಡಿತ ಲ್ಯಾಬ್ರಡಾರ್.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೆಯ ಕಲಮಿನ ಪ್ರಕಾರ ಹಸಿವು ಅಥವಾ ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಕಾಲು ಹೋದ ಮುದಿ ನಾಯಿಯನ್ನು ಸಂತೆಯ ಬಳಿಯೋ ಮೀನು ಮಾರುಕಟ್ಟೆಯ ಬಳಿಯೋ ಇಳಿಸಿ ಬರುವುದು "ಅಲ್ಲಿ ಅನ್ನ ಸಿಗುತ್ತದೆ" ಎಂಬ ಸಮಾಧಾನದಿಂದ ಸಮರ್ಥನೀಯವಾಗುವುದಿಲ್ಲ. ಬೀದಿಯ ಇತರ ನಾಯಿಗಳು ಹೊಸದಾಗಿ ಬಂದ ದುರ್ಬಲ ನಾಯಿಯನ್ನು ಬದುಕಗೊಡುವುದು ಅಪರೂಪ. ಮನೆಯಲ್ಲೇ ಇರುವ ಇತರ ನಾಯಿಗಳೂ ಮೊದಲ ವಾರಗಳಲ್ಲಿ ಆಸ್ಪತ್ರೆಯ ವಾಸನೆ ಹೊತ್ತು ಬಂದ ಹಳೆಯ ಸಂಗಾತಿಯ ಮೇಲೆ ಎರಗಬಹುದಾದ್ದರಿಂದ ಊಟದ ಹೊತ್ತಿನಲ್ಲಿ ಬೇರೆ ಬೇರೆ ಇಡಬೇಕು.

ಕ್ಯಾನ್ಸರ್ ಮರುಕಳಿಸಿದಾಗ

ಕ್ಯಾನ್ಸರಿನಿಂದ ಕಾಲು ತೆಗೆದ ನಾಯಿಗೆ ಎರಡು ಮೂರು ತಿಂಗಳಿಗೊಮ್ಮೆ ಎದೆಯ ಕ್ಷ-ಕಿರಣ ಚಿತ್ರ ತೆಗೆಸುವುದು ವಾಡಿಕೆ. ಕೆಮ್ಮು, ಆಯಾಸ, ತೂಕನಷ್ಟ, ಇನ್ನೊಂದು ಕಾಲಿನಲ್ಲಿ ಹೊಸ ಕುಂಟು ಇವು ರೋಗ ಹರಡಿದ ಸೂಚನೆಗಳು. ಮೂರು ಕಾಲಿನ ನಾಯಿಯಲ್ಲಿ ಹೊಸ ಕುಂಟನ್ನು ಗುರುತಿಸುವುದು ಸುಲಭವಲ್ಲ. ನಡೆಯಲು ನಿರಾಕರಿಸುವುದೇ ಅದರ ರೂಪವಾಗಿರಬಹುದು. ಊಟ, ನಿದ್ದೆ, ಬಾಲವಾಡಿಸುವಿಕೆ, ಬಾಗಿಲಿಗೆ ಬಂದು ನಿಲ್ಲುವಿಕೆ ಹೀಗೆ ನಾಯಿಗೆ ಪ್ರಿಯವಾದ ನಾಲ್ಕೈದು ಸಂಗತಿಗಳನ್ನು ಮೊದಲೇ ಬರೆದಿಟ್ಟುಕೊಂಡು, ದಿನವೂ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನ ಮತ್ತು ಕೆಟ್ಟ ದಿನವನ್ನು ಗುರುತು ಹಾಕುವ ಕ್ರಮವನ್ನು ಪಶುವೈದ್ಯರು ಸೂಚಿಸುತ್ತಾರೆ. ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದಾಗ, ಔಷಧದಿಂದಲೂ ಉಸಿರು ಹಗುರಾಗದಿದ್ದಾಗ, ದಯಾಮರಣದ ಮಾತನ್ನು ವೈದ್ಯರೊಂದಿಗೆ ಆಡಬಹುದು. ಮೊದಲು ಅರಿವಳಿಕೆ ನೀಡಿ, ನಾಯಿ ಪ್ರಜ್ಞೆ ತಪ್ಪಿದ ಬಳಿಕವೇ ಕೊನೆಯ ಚುಚ್ಚುಮದ್ದನ್ನು ಕೊಡಲಾಗುತ್ತದೆ. ಮನೆಯವರು ಬಳಿಯಲ್ಲಿರಲು ಅಡ್ಡಿಯಿಲ್ಲ.